ವಾಟರ್‌ಸ್ಖಾಪ್ಸ್‌ಬೆಲಾಸ್ಟಿಂಗ್: ಪದ ಬಿಡಿಸಿದರೆ ಬಿಲ್ಲೂ ಬಿಡಿಸಿಕೊಳ್ಳುತ್ತದೆ

ನೆದರ್ಲೆಂಡ್ಸ್‌ನಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿ ಮನೆಗೆ ಬರುವ ಈ ಕಾಗದವನ್ನು ಕುಡಿಯುವ ನೀರಿನ ಬಿಲ್ ಎಂದುಕೊಳ್ಳಬೇಡಿ. ಆ ಬಿಲ್ ಬೇರೆಯೇ ಬರುತ್ತದೆ. ಇದು ವಾಟರ್‌ಸ್ಖಾಪ್, ಅಂದರೆ ಸ್ಥಳೀಯ ನೀರು ನಿರ್ವಹಣಾ ಸಂಸ್ಥೆ, ಹಾಕುವ ತೆರಿಗೆ.

ಡಚ್ ಸಮಾಸವನ್ನು ಹಿಂದಿನಿಂದ ಬಿಡಿಸಬೇಕು. ನಮ್ಮ ತತ್ಪುರುಷದ ಹಾಗೆ ಇಲ್ಲೂ ಉತ್ತರಪದವೇ ಪ್ರಧಾನ. ಕೊನೆಯಲ್ಲಿ ಬೆಲಾಸ್ಟಿಂಗ್ ಇದ್ದರೆ ಅದು ತೆರಿಗೆ. ಬೆಲಾಸ್ಟಿಂಗ್‌ಡೀನ್ಸ್ಟ್‌ನಲ್ಲಿ ಕೊನೆಗಿರುವುದು ಡೀನ್ಸ್ಟ್, ಅಂದರೆ ಸೇವೆ, ಇಲಾಖೆ. ಆದಾಯ ತೆರಿಗೆ ನೋಡಿಕೊಳ್ಳುವ ಆ ಇಲಾಖೆಗೂ ಈ ಬಿಲ್ಲಿಗೂ ಸಂಬಂಧವಿಲ್ಲ, ಅಲ್ಲಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಬೆಲಾಸ್ಟಿಂಗ್‌ನ ಒಳಗಿನ 'ಲಾಸ್ಟ್' ಎಂದರೆ ಹೊರೆ. 'ಸ್ಖಾಪ್' ಇಂಗ್ಲಿಷಿನ ಫ್ರೆಂಡ್‌ಶಿಪ್‌ನಲ್ಲಿರುವ 'ಶಿಪ್'ನ ದಾಯಾದಿ. ನಡುವಿನ 'ಸ್' ಬರೀ ಕೊಂಡಿ, ಅದಕ್ಕೆ ಅರ್ಥವಿಲ್ಲ. ಒಡ್ಡು ಕಾಯಲು, ತಗ್ಗು ನೆಲದ ನೀರು ಹೊರಹಾಕಲು ಊರಿನವರು ಸೇರಿ ನಡೆಸುತ್ತಿದ್ದ ಈ ವಾಟರ್‌ಸ್ಖಾಪ್ ಸಂಸ್ಥೆಗಳಿಗೆ 13ನೇ ಶತಮಾನದಷ್ಟು ಹಳೆಯ ದಾಖಲೆಗಳಿವೆ. ಈಗ ಇರುವುದು 21.

ಬಿಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಸಾಲು. ಎರಡೂ 'ಹೆಫಿಂಗ್' ಎಂದೇ ಮುಗಿಯುತ್ತವೆ. ಹೆಫನ್ ಎಂದರೆ ಎತ್ತು, ನಾವು ವಂತಿಗೆ ಎತ್ತುತ್ತೇವಲ್ಲ, ಹಾಗೆ. ಒಂದು, ಇನ್‌ಖೆಝೇಟನನ್ ಮೇಲಿನದು: 'ಒಳಗೆ ಕೂತವರು', ಅಂದರೆ ನಿವಾಸಿಗಳು. ಇದು ಮನೆಗೊಂದು, ಜನವರಿ 1ರಂದು ಎಲ್ಲಿ ನೋಂದಣಿಯಾಗಿದ್ದೀರೋ ಅಲ್ಲಿಗೆ. ಸ್ವಂತ ಮನೆಯಿದ್ದರೆ ಕಟ್ಟಡದ ಸಾಲೂ ಸೇರುತ್ತದೆ, ಬಾಡಿಗೆದಾರರಿಗೆ ಅದಿಲ್ಲ.

ಇನ್ನೊಂದು ಝೌವರಿಂಗ್ಸ್‌ಹೆಫಿಂಗ್, ಕೊಳಚೆ ನೀರಿನ ಶುದ್ಧೀಕರಣಕ್ಕೆ. ತಪ್ಪುವುದು ಹೆಚ್ಚಾಗಿ ಇಲ್ಲೇ. ಒಬ್ಬರೇ ಇದ್ದರೆ 1 ಮಾಲಿನ್ಯ ಘಟಕ (ಈ ತೆರಿಗೆ ಲೆಕ್ಕ ಹಾಕುವ ಅಳತೆ). ಇಬ್ಬರಾಗಲಿ ಐವರಾಗಲಿ 3. ಹಂಚಿಕೊಂಡಿದ್ದ ಗೆಳೆಯ ಮನೆ ಬಿಟ್ಟರೂ ಖೆಮೇಂಟೆಯಲ್ಲಿ, ಅಂದರೆ ಸ್ಥಳೀಯ ಆಡಳಿತದ ಕಚೇರಿಯಲ್ಲಿ, ವಿಳಾಸ ಬದಲಿಸದಿದ್ದರೆ ನಿಮ್ಮ ಲೆಕ್ಕ 3ರಲ್ಲೇ ನಿಲ್ಲುತ್ತದೆ. ಮೊದಲು ಅವರ ನೋಂದಣಿ ತೆಗೆಸಿ, ಆಮೇಲೆ ಇಳಿಕೆ ಕೇಳಿ.

ತಕರಾರಿದ್ದರೆ ಬೆಝ್ವಾರ್ ಸಲ್ಲಿಸಿ (ಅದರೊಳಗಿನ 'ಝ್ವಾರ್' ಎಂದರೆ ಭಾರ). ಗಡುವು 6 ವಾರ, ಕಾಗದ ಕೈಸೇರಿದ ದಿನದಿಂದಲ್ಲ, ಅದರ ಮೇಲೆ ಮುದ್ರಿಸಿದ ತಾರೀಕಿನಿಂದ. ತಕರಾರು ಹಾಕಿದ ಮಾತ್ರಕ್ಕೆ ಕಂತು ನಿಲ್ಲುವುದಿಲ್ಲ, ಮುಂದೂಡಿಕೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಆದಾಯ ತೀರಾ ಕಡಿಮೆಯಿದ್ದರೆ ಕ್ವೈಟ್‌ಸ್ಖೆಲ್ಡಿಂಗ್, ಅಂದರೆ ಮನ್ನಾ, ಕೋರುವ ಅರ್ಜಿಯೂ ಇದೆ.