ಗ್ರೇಡರ್ ಮುಂದಿನ ಬ್ಲೇಡ್: ಎಲ್ಲಿ ಇಳಿಸ್ಬೇಕು, ಎಲ್ಲಿ ಎತ್ತಿಡ್ಬೇಕು

ರಸ್ತೆ ಮಣ್ಣು ಲೆವೆಲ್ ಮಾಡೋ ಗಾಡಿ ಗ್ರೇಡರ್ ಅಂದ್ರೆ ಎಲ್ಲರ ಕಣ್ಣೂ ಹೋಗೋದು ಹೊಟ್ಟೆ ಕೆಳಗಿರೋ ಉದ್ದ ಬ್ಲೇಡ್ ಮೇಲೆ. ಆದ್ರೆ ಬಿಇಎಂಎಲ್ ಆಗ್ಲಿ, ಕ್ಯಾಟ್ ಆಗ್ಲಿ, ಕೊಮಾಟ್ಸು ಆಗ್ಲಿ, ಯಾವ ಕಂಪನೀದೇ ಆಗ್ಲಿ, ಕೆಲವು ಗಾಡಿಗಳಿಗೆ ಮೂತಿ ಮುಂದೆ ಇನ್ನೊಂದು ಗಿಡ್ಡ ಬ್ಲೇಡ್ ಹಾಕ್ಸಿರ್ತಾರೆ, ಸೈಟಲ್ಲಿ ಡೋಜರ್ ಬ್ಲೇಡ್ ಅಂತಾನೇ ಕರೀತಾರೆ, ಡೋಜರ್ ಅಂದ್ರೆ ಚೈನ್ ಮೇಲೆ ಓಡ್ತಾ ಮಣ್ಣು ತಳ್ಳೋ ಗಾಡಿ. ಕೆಲವ್ರು ಅದನ್ನ ವರ್ಷಾನುಗಟ್ಲೆ ಇಳಿಸೋದೇ ಇಲ್ಲ, ಇನ್ ಕೆಲವ್ರು ಅದು ಸಿಕ್ಕಿದ್ದೇ ತಡ ಗ್ರೇಡರನ್ನೇ ಡೋಜರ್ ಮಾಡ್ಬಿಡ್ತಾರೆ. ಎರಡೂ ಲಾಸೇ. ನಾನು ಹೇಳೋದು ಇಷ್ಟೇ, ಮುಂದಿನ ಬ್ಲೇಡ್ ಇರೋದು ಒರಟು ಕೆಲಸಕ್ಕೆ, ನಡುವಿನ ಬ್ಲೇಡ್ ಸುಖವಾಗಿ ಲೆವೆಲ್ ಮಾಡೋ ಹಂಗೆ ದಾರಿ ಮಾಡ್ಕೊಡೋಕೆ.

ಮುಂದಿನದ್ರಲ್ಲಿ ಯಾಕೆ ಲೆವೆಲ್ ಬರಲ್ಲ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಮುಂದಿನ ಚಕ್ರಕ್ಕೂ ಹಿಂದಿನ ಜೋಡಿ ಚಕ್ರಗಳ ನಡುಮಧ್ಯಕ್ಕೂ 6 ಮೀಟರ್ ಅಂತ ಇಟ್ಕೊಳ್ಳಿ, ಮುಂದಿನ ಬ್ಲೇಡ್ ಚಕ್ರಕ್ಕಿಂತ 1 ಮೀಟರ್ ಮುಂದೆ ಇದೆ, ನಡುವಿನ ಬ್ಲೇಡ್ ಎರಡೂವರೆ ಮೀಟರ್ ಹಿಂದೆ. ಈಗ ಮುಂದಿನ ಚಕ್ರ ಎರಡೂ 6 ಸೆಂಟಿಮೀಟರ್ ದಿಬ್ಬ ಹತ್ತಿದ್ರೆ ಮುಂದಿನ ಬ್ಲೇಡ್ 7 ಸೆಂಟಿಮೀಟರ್ ಮೇಲೇಳತ್ತೆ, ನಡುವಿನದು ಮೂರೂವರೆ ಮಾತ್ರ. ಅಂದ್ರೆ ನಡುವಿನ ಬ್ಲೇಡ್ ಉಬ್ಬುತಗ್ಗನ್ನ ಹೆಚ್ಚುಕಮ್ಮಿ ಅರ್ಧ ಮಾಡತ್ತೆ, ಮುಂದಿನದು ಇದ್ದಿದ್ದಕ್ಕಿಂತ ಜಾಸ್ತಿ ಮಾಡತ್ತೆ, ಅದು ಎದ್ದಾಗ ಬಿಟ್ಟ ಮಣ್ಣಿನ ಮೇಲೆ ಚಕ್ರ ಹತ್ತತ್ತೆ, ಚಕ್ರ ಹತ್ತಿದ್ರೆ ಬ್ಲೇಡ್ ಮತ್ತೆ ಏಳತ್ತೆ, ಹಿಂಗೇ ಹೋಗ್ತಾ ರಸ್ತೆ ಪೂರ್ತಿ ಅಲೆ ಅಲೆ. ಆಪರೇಟರ್ ಎಷ್ಟೇ ಕೈ ಪಳಗಿದವನಾದ್ರೂ ಈ ಲೆಕ್ಕ ಬದಲಾಗಲ್ಲ. ಫೈನಲ್ ಪಾಸಲ್ಲಿ, ಅಂದ್ರೆ ಕೊನೇ ಸಲ ಓಡಿಸುವಾಗ, ಮುಂದಿನ ಬ್ಲೇಡ್ ಪೂರ್ತಿ ಮೇಲೆ ಇರ್ಬೇಕು.

ಅದು ನಿಜವಾಗ್ಲೂ ದುಡಿಯೋ ಜಾಗ ಅಂದ್ರೆ ಟಿಪ್ಪರ್ ಸುರಿದ ಗುಡ್ಡೆ. ಎಂಬ್ಯಾಂಕ್‌ಮೆಂಟ್‌ಗೆ, ಅಂದ್ರೆ ರಸ್ತೆ ಎತ್ತರಿಸೋ ಮಣ್ಣಿನ ಏರಿಗೆ, ಗ್ರಾವೆಲ್ ಮಣ್ಣು ಬೀಳ್ತಿದೆ ಅಂದ್ಕೊಳ್ಳಿ. ಗುಡ್ಡೆ ಎದೆಮಟ್ಟ ಇರತ್ತೆ, ನಡುವಿನ ಬ್ಲೇಡ್ ಅದಕ್ಕೆ ತಾಗೋ ಮೊದ್ಲೇ ಮುಂದಿನ ಚಕ್ರ ಗುಡ್ಡೆಗೆ ಹತ್ತಿರತ್ತೆ. ಅದಕ್ಕೇ ಮುಂದಿನ ಬ್ಲೇಡಲ್ಲಿ ಮೊದಲು ಗುಡ್ಡೆ ಒಡೀಬೇಕು.

ಗುಡ್ಡೆ ಒಡೆಯೋಕೂ ಮುಂಚೆ ಗುಡ್ಡೆ ಎಲ್ಲಿ ಬೀಳ್ಬೇಕು ಅನ್ನೋದು ಮುಖ್ಯ, ಅರ್ಧ ಕೆಲಸ ಅಲ್ಲೇ ಇರೋದು. 7 ಮೀಟರ್ ಅಗಲ, ರೋಲರ್ ಓಡಿದ ಮೇಲೆ 200 ಎಂಎಂ ಲೇಯರ್ ಬೇಕು ಅಂದ್ರೆ ಸಡಿಲ ಮಣ್ಣು ಸುಮಾರು 250 ಎಂಎಂ ಹರಡ್ಬೇಕು, ಮಣ್ಣು ಎಂಥದ್ದು ಅನ್ನೋದ್ರ ಮೇಲೆ ಸ್ವಲ್ಪ ಆಚೀಚೆ ಆಗತ್ತೆ. ಒಂದು ಮೀಟರ್ ಉದ್ದಕ್ಕೆ 1.75 ಕ್ಯೂಬಿಕ್ ಮೀಟರ್ ಬೇಕು. ಟಿಪ್ಪರಲ್ಲಿ 14 ಕ್ಯೂಬಿಕ್ ಮೀಟರ್ ಬರ್ತಿದ್ರೆ 8 ಮೀಟರ್‌ಗೆ ಒಂದು ಲೋಡ್. ಸುಣ್ಣದಲ್ಲಿ ಗೆರೆ ಹಾಕಿ ಟಿಪ್ಪರ್ ಡ್ರೈವರಿಗೆ ತೋರಿಸ್ಬಿಡಿ. ಇಲ್ಲಾಂದ್ರೆ ಅವ್ರು ಎಲ್ಲಿ ತಿರುಗ್ಸೋಕೆ ಸುಲಭವೋ ಅಲ್ಲೇ ನಾಲ್ಕು ಲೋಡ್ ಸುರಿದು ಹೋಗ್ತಾರೆ, ಆಮೇಲೆ ನೀವು ಇಡೀ ದಿನ ಡೀಸೆಲ್ ಸುಟ್ಟು ಮಣ್ಣು ಎಳೀತಾ ಇರ್ಬೇಕು.

ಈಗ ಗಾಡಿ ಸೆಟ್ ಮಾಡೋದು. ನಡುವಿನ ಬ್ಲೇಡ್ ಪೂರ್ತಿ ಎತ್ತಿ ಮಧ್ಯಕ್ಕೆ ತನ್ನಿ, ಅದ್ರ ತುದಿ ಟೈರಿಗೆ ತಾಗದೇ ಇರೋ ಹಂಗೆ ನೋಡ್ಕೊಳ್ಳಿ. ನಡುವಲ್ಲಿ ಪಿನ್ ಮೇಲೆ ಎಡಬಲ ಬಾಗೋ ಗಾಡಿ ಆದ್ರೆ ನೇರ ಮಾಡ್ಕೊಳ್ಳಿ, ಮುಂದಿನ ಚಕ್ರ ವಾಲಿಸಿದ್ರೆ ನೆಟ್ಟಗೆ ನಿಲ್ಸಿ. ಗಾಡಿ ಬಾಗಿಸ್ಕೊಂಡು ತಳ್ಳಿದ್ರೆ ಎಲ್ಲ ಹೊಡೆತ ನಡುವಿನ ಪಿನ್ನಿಗೆ ಬೀಳತ್ತೆ, ಆ ಪಿನ್ನು ಬುಷ್ಷು ಸವೆದ್ರೆ ಆಮೇಲೆ ಯಾವ ಲೆವೆಲ್ಲೂ ನಿಲ್ಲಲ್ಲ. ಗೇರ್ ಫಸ್ಟು. ನೇರವಾಗಿ ತಳ್ಳುವಾಗ ಡಿಫರೆನ್ಷಿಯಲ್ ಲಾಕ್ (ಎರಡೂ ಪಕ್ಕದ ಹಿಂದಿನ ಚಕ್ರ ಒಟ್ಟಿಗೇ ತಿರುಗೋ ಹಂಗೆ ಮಾಡೋದು) ಹಾಕ್ಬೋದು, ತಿರುಗೋಕೆ ಮುಂಚೆ ಮರೀದೇ ತೆಗೀರಿ.

ಗುಡ್ಡೆ ಮಧ್ಯಕ್ಕೆ ಹೋಗಿ ಗುದ್ಬೇಡಿ. ಬ್ಲೇಡ್ ನೆಲದಿಂದ ಒಂದು ಗೇಣಷ್ಟು ಮೇಲಿಟ್ಟು ಗುಡ್ಡೆಯ ಒಂದು ಪಕ್ಕ, ಸುಮಾರು ಮೂರನೇ ಒಂದು ಭಾಗ ಹಿಡೀರಿ, ನಿಧಾನಕ್ಕೆ ತಳ್ತಾ ತಳ್ತಾ ಬ್ಲೇಡನ್ನ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಿ, ಮಣ್ಣು ಅಡಿಯಿಂದ ಜಾರ್ಕೊಂಡು ತೆಳ್ಳಗೆ ಹರಡ್ಕೊಳ್ಳತ್ತೆ, ಕೊನೇಲಿ ಗೋಡೆ ಥರ ನಿಲ್ಲಲ್ಲ. ಹಿಂದಕ್ಕೆ ಬನ್ನಿ, ಇನ್ನೊಂದು ಪಕ್ಕ ಹಿಡೀರಿ, ಕೊನೇಗೆ ಮಧ್ಯದ್ದು. ಮಣ್ಣು ಮೊಣಕಾಲಿಗಿಂತ ಕೆಳಗೆ ಬಂದ್ರೆ ಸಾಕು, ಅಲ್ಲಿಂದ ಮುಂದೆ ಅದು ನಡುವಿನ ಬ್ಲೇಡಿನ ಕೆಲಸ. ಅದನ್ನ ಓರೆ ಮಾಡ್ಕೊಂಡು ಸಾಲು ಎಳೀರಿ, ಪೆಗ್ (ಎತ್ತರ ತೋರ್ಸೋ ಗೂಟ) ನೋಡ್ಕೊಂಡು ಕ್ಯಾಂಬರ್ (ನೀರು ಹರಿಯೋಕೆ ರಸ್ತೆ ಮಧ್ಯದಿಂದ ಅಂಚಿಗೆ ಇಳಿಜಾರು) ಕೊಡಿ. ಗುಡ್ಡೆಲಿ ದೊಡ್ಡ ಕಲ್ಲು, ಬೇರು ಕಂಡ್ರೆ ಈ ಹಂತದಲ್ಲೇ ಹೆಲ್ಪರ್ ಹತ್ರ ಆರಿಸ್ಬಿಡಿ, ಲೇಯರ್ ಒಳಗೆ ಹೋದ್ಮೇಲೆ ರೋಲರ್‌ಗೂ ಬಗ್ಗಲ್ಲ ಅದು.

ತಳ್ಳುವಾಗ ಎರಡು ಸೂಚನೆ ಗಮನಿಸ್ತಿರಿ. ಹಿಂದಿನ ಚಕ್ರ ಜಾರೋಕೆ ಶುರುವಾದ್ರೆ ಲೋಡ್ ಜಾಸ್ತಿ ಆಗಿದೆ ಅಂತ, ಬ್ಲೇಡ್ ಎರಡು ಬೆರಳು ಎತ್ತಿ, ಆಕ್ಸಿಲರೇಟರ್ ಒತ್ಬೇಡಿ, ಜಲ್ಲಿ ಮೇಲೆ ಚಕ್ರ ಸುತ್ತಿದ್ರೆ ಟೈರ್ ಕೊಯ್ಕೊಂಡು ಹೋಗತ್ತೆ, ಗ್ರೇಡರ್ ಟೈರ್ ರೇಟ್ ಗೊತ್ತಲ್ಲ. ಇನ್ನೊಂದು, ಸ್ಟೇರಿಂಗ್ ಹಗುರ ಆಯ್ತು, ತಿರುಗ್ಸಿದ್ರೂ ಗಾಡಿ ಕೇಳ್ತಿಲ್ಲ ಅಂದ್ರೆ ಬ್ಲೇಡ್ ನೆಲಕ್ಕೆ ಒತ್ತಿ ಮುಂದಿನ ಚಕ್ರವನ್ನೇ ಎತ್ತಿದೆ ಅಂತ ಅರ್ಥ. ಆ ಸ್ಥಿತೀಲಿ ಓಡಿಸ್ಬಾರ್ದು, ಇಡೀ ಮೂತಿ ಭಾರ ಬ್ಲೇಡಿನ ತೋಳು, ಸಿಲಿಂಡರ್ ಮೇಲೆ ಇರತ್ತೆ.

ಜಿಎಸ್‌ಬಿ (ರಸ್ತೆ ಅಡಿಪಾಯಕ್ಕೆ ಹಾಕೋ ಜಲ್ಲಿ ಪುಡಿ ಮಿಕ್ಸ್), ವೆಟ್‌ಮಿಕ್ಸ್ (ನೀರು ಹಾಕಿ ಕಲಸಿದ ಜಲ್ಲಿ ಮಿಕ್ಸ್) ಇದ್ದಾಗ ಮಾತ್ರ ಕೈ ಬಿಗಿ ಹಿಡೀರಿ. ಜಲ್ಲಿ ಮಿಕ್ಸನ್ನ ದೂರ ತಳ್ಳಿದಷ್ಟೂ ದಪ್ಪ ಕಲ್ಲು ಒಂದು ಕಡೆ ಉರುಳತ್ತೆ, ಪುಡಿ ಒಂದು ಕಡೆ ಉಳೀತದೆ, ಆಮೇಲೆ ಅಲ್ಲಲ್ಲಿ ಬರೀ ಕಲ್ಲಿನ ಗೂಡು. ವೆಟ್‌ಮಿಕ್ಸ್‌ಗೆ ಪೇವರ್ (ಮಿಕ್ಸನ್ನ ಸಮವಾಗಿ ಹಾಸೋ ಮಿಷಿನ್) ಇದ್ರೆ ಪೇವರೇ ಸರಿ. ಗ್ರೇಡರಲ್ಲೇ ಹರಡ್ಬೇಕಾದ್ರೆ ಲೋಡ್ ಹತ್ತಿರ ಹತ್ತಿರ ಸುರಿಸಿ, ಮುಂದಿನ ಬ್ಲೇಡಲ್ಲಿ ಗುಡ್ಡೆ ತಲೆ ಮಾತ್ರ ತಟ್ಟಿ ಬಿಡಿ.

ಉತ್ತರ ಕರ್ನಾಟಕದ ಎರೆ ಮಣ್ಣಲ್ಲಿ ಮಳೆ ಬಿದ್ದ ಮೇಲೆ ಈ ಬ್ಲೇಡ್ ಮುಟ್ಟೋಕೇ ಹೋಗ್ಬೇಡಿ. ಮಣ್ಣು ಅಂಟ್ಕೊಂಡು ಮುದ್ದೆ ಮುದ್ದೆ ಆಗತ್ತೆ, ಹಿಂದಿನ ಚಕ್ರಕ್ಕೆ ಹಿಡಿತವೇ ಇರಲ್ಲ. ಸ್ವಲ್ಪ ಆರಿದ ಮೇಲೆ ಬನ್ನಿ.

ರಸ್ತೆ ಅಂಚಿನ ಕೆಲಸಕ್ಕೆ ಮುಂದಿನ ಬ್ಲೇಡ್ ಬಹಳ ಉಪಯೋಗ. ಶೋಲ್ಡರಲ್ಲಿ (ರಸ್ತೆ ಪಕ್ಕದ ಪಟ್ಟಿ) ಉಳಿದ ಮಣ್ಣಿನ ರಾಶಿ ಆಚೆ ದೂಡೋದು, ತೋಟದ ದಾರಿ ಸೇರೋ ಜಾಗದಲ್ಲಿ ತಗ್ಗು ತುಂಬೋದು, ಹಳೇ ಮಣ್ಣು ರಸ್ತೆ ಪಕ್ಕ ಬೆಳೆದ ಏರಿ ಒಳಕ್ಕೆ ತರೋದು, ಇವಕ್ಕೆಲ್ಲ ಜೆಸಿಬಿಗೆ ಕಾಯ್ಬೇಕಾಗಿಲ್ಲ. ಹ್ಯೂಮ್ ಪೈಪ್ ಮೋರಿ ಹತ್ರ ಮಾತ್ರ ಹುಷಾರು. ಒಂದೇ ಪಕ್ಕದಿಂದ ಮಣ್ಣು ತಳ್ಳಿದ್ರೆ ಪೈಪ್ ಆಚೆ ಸರೀತದೆ, ಎರಡೂ ಪಕ್ಕ ಸಮವಾಗಿ ಲೇಯರ್ ಲೇಯರಾಗಿ ತುಂಬಿ ದಮ್ಮಸ್ ಮಾಡ್ಸಿ, ಡ್ರಾಯಿಂಗಲ್ಲಿ ಹೇಳಿದಷ್ಟು ಮಣ್ಣು ಮೇಲೆ ಬೀಳೋವರೆಗೂ ಗಾಡಿ ಹತ್ತಿಸ್ಬೇಡಿ.

ಮಲೆನಾಡಲ್ಲಿ ಮಳೆಗಾಲಕ್ಕೆ ಧರೆ ಜರಿದಾಗಲೂ ಇದೇ ಬ್ಲೇಡ್ ಇಳಿಸ್ತಾರೆ. ಪುಡಿ ಮಣ್ಣು, ಕೆಸರು, ಕೊಂಬೆ ಇಷ್ಟೇ ಆದ್ರೆ ಓಕೆ, ಅದೂ ಮೇಲಿಂದ ಇನ್ನೂ ಜಾರ್ತಿಲ್ಲ ಅಂತ ಗ್ಯಾರಂಟಿ ಆದ್ಮೇಲೆ. ಬಂಡೆ, ಮರದ ಬುಡ ಇದ್ರೆ ಹಿಟಾಚಿ ಕರೆಸಿ. ಬಂಡೆಗೆ ಗ್ರೇಡರ್ ಗುದ್ದಿಸೋದು ಕಳೆ ಕೀಳೋ ಕುಡುಗೋಲಲ್ಲಿ ಮರ ಕಡಿದ ಹಂಗೆ. ಡೋಜರ್‌ಗೆ ಇರೋ ಚೈನಿನ ಹಿಡಿತ ಇದಕ್ಕಿಲ್ಲ, ಉದ್ದನೆ ತೆಳು ಕತ್ತಿನ ಗಾಡಿ ಇದು, ಒಂದು ಹೊಡೆತಕ್ಕೆ ಮೂತಿ ಹತ್ರ ವೆಲ್ಡಿಂಗ್ ಬಿಡತ್ತೆ. ಸೆಕೆಂಡ್ ಹ್ಯಾಂಡ್ ಗ್ರೇಡರ್ ತಗೊಳ್ಳೋರು ಮೊದಲು ಮೂತಿಯ ಆ ಜಾಗಾನೇ ಒರೆಸಿ ಬಿರುಕು ಇದ್ಯಾ ನೋಡಿ, ಪೇಂಟ್ ಹೊಸದಾಗಿದ್ರಂತೂ ಇನ್ನೂ ಚೆನ್ನಾಗಿ ನೋಡಿ. ಲೋಕಲ್ ಗ್ಯಾರೇಜಲ್ಲಿ ಪ್ಲೇಟ್ ಬಗ್ಗಿಸಿ ಫ್ರೇಮಿಗೇ ವೆಲ್ಡ್ ಮಾಡಿರೋ ಬ್ಲೇಡ್ ಆದ್ರೆ ನನಗಂತೂ ಬೇಡ.

ಮುಂದಿನ ಬ್ಲೇಡ್ ಮೇಲೆತ್ತಿ ಇಟ್ರೂ ಅದರಿಂದ ಒಂದು ಲಾಭ ಇದೆ. ನಡುವಿನ ಬ್ಲೇಡ್ ಓರೆ ಇಟ್ಟು ಗಟ್ಟಿ ಕೆತ್ತುವಾಗ ಮೂತಿ ಪಕ್ಕಕ್ಕೆ ಎಳೀತದಲ್ಲ, ಮುಂದೆ ಭಾರ ಇದ್ರೆ ಚಕ್ರ ನೆಲ ಕಚ್ಚಿ ಹಿಡಿಯತ್ತೆ. ಆದ್ರೆ ಮುಂದಿನ ಚಕ್ರಕ್ಕಿಂತ ಆಚೆ ನೇತಾಡೋ ಭಾರ ಆದ್ದರಿಂದ ಹಿಂದಿನ ಚಕ್ರದ ಭಾರ ಒಂಚೂರು ಕಮ್ಮಿ ಆಗತ್ತೆ, ಹಿಂದುಗಡೆ ರಿಪ್ಪರ್ (ಗಟ್ಟಿ ನೆಲ ಕೀಳೋ ಹಲ್ಲು) ಇರೋ ಗಾಡೀಲಿ ಇದು ಸರಿತೂಗತ್ತೆ.

ರೋಡಲ್ಲಿ ಓಡಿಸುವಾಗ ಬ್ಲೇಡ್ ಎತ್ತಿ ಲಾಕ್ ಪಿನ್ ಇದ್ರೆ ಹಾಕಿ, ಕೆಂಪು ಬಟ್ಟೆ ಕಟ್ಟಿ. ಕ್ಯಾಬಿನಿಂದ ಬ್ಲೇಡಿನ ಮುಂದಿನ ನೆಲ ಕಾಣಲ್ಲ, ಸ್ಟಾಫ್ (ಎತ್ತರ ಅಳೆಯೋ ಕೋಲು) ಹಿಡಿಯೋ ಹುಡುಗ ಪೆಗ್ ಹುಡುಕ್ತಾ ಅಲ್ಲೇ ಕೂತಿರ್ತಾನೆ, ಹಾರ್ನ್ ಹೊಡೀದೇ ಗಾಡಿ ಅಲ್ಲಾಡಿಸ್ಬೇಡಿ. ಕೆಳಗಿನ ಹೆಡ್‌ಲೈಟ್‌ಗೆ ಬ್ಲೇಡ್ ಅಡ್ಡ ಬರ್ತಿದ್ರೆ ರಾತ್ರಿ ಮೇಲಿನ ಲೈಟೇ ಗತಿ, ಅದು ಉರಿಯತ್ತಾ ಅಂತ ಹೊರಡೋ ಮೊದಲೇ ನೋಡಿ.

ದಿನಾ ಬೆಳಗ್ಗೆ ಪಿನ್ನುಗಳಿಗೆ ಗ್ರೀಸ್ ಹೊಡೀರಿ, ಹೋಸ್ ಪೈಪ್ ಎಲ್ಲಾದ್ರೂ ಉಜ್ತಿದ್ಯಾ ನೋಡಿ, ಚಕ್ರ ಪೂರ್ತಿ ತಿರುಗ್ಸಿ ಟೈರ್ ತೋಳಿಗೆ ತಾಗ್ತಿದ್ಯಾ ಅಂತಾನೂ ನೋಡಿ. ಕಟಿಂಗ್ ಎಡ್ಜ್ (ಬ್ಲೇಡಿನ ಅಡಿಗೆ ಬೋಲ್ಟ್ ಹಾಕಿರೋ ಪಟ್ಟಿ) ಸವೆದು ಬ್ಲೇಡಿನ ಮೈ ನೆಲ ಮುಟ್ಟೋ ಮೊದಲೇ ಬದಲಾಯಿಸಿ, ಎರಡೂ ಅಂಚು ಬಳಸೋ ಥರದ್ದಾದ್ರೆ ತಿರುಗ್ಸಿ ಹಾಕಿ. ಹೊಸ ಎಡ್ಜ್ ಹಾಕಿ ಸ್ವಲ್ಪ ಹೊತ್ತು ಕೆಲಸ ಮಾಡಿದ ಮೇಲೆ ಬೋಲ್ಟ್ ಇನ್ನೊಂದ್ ಸಲ ಬಿಗೀರಿ, ಸಡಿಲ ಆಗಿರತ್ತೆ. ಬ್ಲೇಡ್ ಕೆಳಗೆ ಕೈ ಹಾಕೋ ಮೊದಲು ಇಂಜಿನ್ ಆಫ್, ಅಡಿಗೆ ಮರದ ದಿಮ್ಮಿ, ಬರೀ ಹೈಡ್ರಾಲಿಕ್ ನಂಬ್ಬೇಡಿ. ಸಂಜೆ ನಿಲ್ಸುವಾಗ ಎರಡೂ ಬ್ಲೇಡ್ ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕೀ ತಗೊಂಡು ಇಳೀರಿ.