ಸ್ಮೋಕ್ ಮೀಟರ್‌ಗಿಂತ ಮೊದಲು ಟಿಡಿಸಿ: ಎಂಜಿನ್ನಿನ ಮಸಿ ಮತ್ತು ದಹನ ಅಳೆದ ಅನುಭವ

ಎಕ್ಸಾಸ್ಟ್ ಪೈಪಿನಲ್ಲಿ ಕೈಗೆ ಸಿಗುವ ಮಸಿ ಬರೀ ಉಳಿಕೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಹುಟ್ಟುವ ಮಸಿಯಲ್ಲಿ ಬಹುಪಾಲು ಅಲ್ಲೇ ಉರಿದುಹೋಗುತ್ತದೆ. ತಪ್ಪಿಸಿಕೊಂಡದ್ದಷ್ಟೇ ಫಿಲ್ಟರ್ ಕಾಗದದ ಮೇಲೆ ಬಂದು ಕೂರುತ್ತದೆ. ದೊಡ್ಡ ಮೊತ್ತದಿಂದ ದೊಡ್ಡ ಮೊತ್ತ ಕಳೆದು ಉಳಿದ ಚಿಲ್ಲರೆ ಎನ್ನಿ. ಇಂಧನದ ಇಂಜೆಕ್ಷನ್ ಕ್ರ್ಯಾಂಕ್ ತಿರುಗುವಿಕೆಯ ಒಂದು ಡಿಗ್ರಿ ಸರಿದರೆ, ಒಳಬರುವ ಗಾಳಿ ತುಸು ಬಿಸಿಯಾದರೆ, ಈ ಚಿಲ್ಲರೆ ಏರುಪೇರಾಗುತ್ತದೆ. ಹಾಗಾಗಿ ಸಿಲಿಂಡರ್ ಪ್ರೆಶರ್ ನಂಬುವಂತೆ ಆಗುವವರೆಗೂ ನಾನು ಹೊಗೆಯ ಮಸಿ ಅಳೆಯುವ ಸ್ಮೋಕ್ ಮೀಟರ್ ಕಡೆ ತಲೆ ಹಾಕುವುದಿಲ್ಲ.

ಪ್ರೆಶರ್ ನಂಬಬೇಕಾದರೆ ಟಿಡಿಸಿ (ಟಾಪ್ ಡೆಡ್ ಸೆಂಟರ್), ಅಂದರೆ ಪಿಸ್ಟನ್ ತೀರಾ ಮೇಲಿರುವ ಕ್ಷಣ, ಸರಿ ಇರಬೇಕು. ತಿರುಗಿದ ಡಿಗ್ರಿ ಎಣಿಸುವ ಎನ್‌ಕೋಡರನ್ನು ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಗೇ ಕೂರಿಸುತ್ತೇನೆ. ಕ್ಯಾಮ್‌ಶಾಫ್ಟಿಗೆ ಕೂರಿಸಿದರೆ ಚೈನಿನ ಸಡಿಲವೂ ಡಿಗ್ರಿ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಐಎಂಇಪಿಗೆ, ಅಂದರೆ ಒಂದು ಸೈಕಲ್ಲಿನಲ್ಲಿ ಪಿಸ್ಟನ್ನಿಗೆ ಸಿಕ್ಕ ಕೆಲಸವನ್ನು ಹೇಳುವ ಸರಾಸರಿ ಪ್ರೆಶರಿಗೆ, 0.5 ಡಿಗ್ರಿಗೊಂದು ಓದು ಸಾಕು. ಇಗ್ನಿಷನ್ ಡಿಲೇ (ಇಂಧನ ಬಿದ್ದಲ್ಲಿಂದ ಹೊತ್ತಿಕೊಳ್ಳುವವರೆಗಿನ ತಡ) ಅಥವಾ ನಾಕ್ (ಇಂಧನ ತಾನಾಗೇ ಸಿಡಿದು ಉರಿಯುವ ಬಡಿತ) ನೋಡುವುದಾದರೆ 0.1 ಡಿಗ್ರಿ ಬೇಕು. ಟಿಡಿಸಿ ಪ್ರೋಬ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಂಧನ ನಿಲ್ಲಿಸಿ, ಡೈನಮೋಮೀಟರಿನಿಂದ ಎಂಜಿನ್ ತಿರುಗಿಸಿ, ಪ್ರೆಶರಿನ ತುದಿ ಎಲ್ಲಿ ಬರುತ್ತದೆ ಎಂದು ನೋಡಬೇಕು. ಆ ತುದಿಯನ್ನೇ ಟಿಡಿಸಿ ಎಂದುಕೊಳ್ಳುವುದು ಹೊಸಬರೆಲ್ಲ ಮಾಡುವ ತಪ್ಪು. ಗೋಡೆಗೆ ಶಾಖ ಹೋಗುತ್ತದೆ, ರಿಂಗ್‌ಗಳ ಸಂದಿಯಲ್ಲಿ ಗಾಳಿ ಸೋರುತ್ತದೆ. ಪಿಸ್ಟನ್ ಮೇಲಕ್ಕೆ ಮುಟ್ಟುವ ಮೊದಲೇ, ಸಾಮಾನ್ಯವಾಗಿ 0.5ರಿಂದ 1 ಡಿಗ್ರಿ ಮುಂಚೆ, ಪ್ರೆಶರ್ ಇಳಿಯತೊಡಗಿರುತ್ತದೆ. ವೇಗ ಕಡಿಮೆಯಾದಷ್ಟೂ ಈ ಅಂತರ ಹೆಚ್ಚು. ಆದ್ದರಿಂದ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಪರೀಕ್ಷೆ ಮಾಡಲಿರುವ ವೇಗದಲ್ಲೇ ಇದನ್ನು ನೋಡಿಕೊಳ್ಳಬೇಕು. ಒಂದು ಡಿಗ್ರಿ ತಪ್ಪಿದರೆ ಐಎಂಇಪಿ 10 ಶೇಕಡದವರೆಗೂ ಕೆಡಬಹುದು.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಮೋಟರಿಂಗ್ ಸೈಕಲ್ಲನ್ನು, ಅಂದರೆ ಇಂಧನವಿಲ್ಲದೆ ತಿರುಗಿಸಿದ ಸೈಕಲ್ಲನ್ನು, ಲಾಗ್ ಪ್ರೆಶರ್–ಲಾಗ್ ವಾಲ್ಯೂಮ್ ಗ್ರಾಫಿನಲ್ಲಿ ಬಿಡಿಸಿ. ಕಂಪ್ರೆಶನ್ ಗೆರೆ ಮೇಲೆ, ಎಕ್ಸ್‌ಪಾನ್ಶನ್ ಗೆರೆ ಅದರ ಕೆಳಗೆ ಅಂಟಿದಂತೆ, ಎರಡೂ ಸೂಜಿಮೊನೆಯಂಥ ತುದಿಯಲ್ಲಿ ಸೇರಬೇಕು. ತುದಿಯ ಹತ್ತಿರ ಗೆರೆಗಳು ಕತ್ತರಿಯಂತೆ ದಾಟಿದರೆ, ಅಥವಾ ಎಕ್ಸ್‌ಪಾನ್ಶನ್ ಗೆರೆ ಮೇಲೆ ಹೋದರೆ, ಟಿಡಿಸಿ ತಪ್ಪಿದೆ. ಇಂಧನವೇ ಇಲ್ಲದ ಸಿಲಿಂಡರ್ ಕೆಲಸ ಕೊಡುತ್ತಿದೆ ಎಂದು ಗ್ರಾಫ್ ಹೇಳುತ್ತಿದ್ದರೆ ಅದನ್ನು ನಂಬುವವರು ಯಾರು?

ಅದೇ ಗ್ರಾಫ್ ಇನ್ನೊಂದನ್ನೂ ತೋರಿಸಿಕೊಡುತ್ತದೆ. ಸಿಲಿಂಡರಿನ ಪೀಜೋ ಪ್ರೆಶರ್ ಸೆನ್ಸರ್ ಹೇಳುವುದು ಪ್ರೆಶರಿನ ಏರಿಳಿತವನ್ನು ಮಾತ್ರ; ನಿಜವಾದ ಮಟ್ಟವನ್ನು ನಾವೇ ಕೊಡಬೇಕು. ಗಾಳಿ ಎಳೆದುಕೊಂಡು ಪಿಸ್ಟನ್ ತೀರಾ ಕೆಳಗಿರುವಾಗ (ಬಾಟಮ್ ಡೆಡ್ ಸೆಂಟರ್) ಗಾಳಿ ತರುವ ಮ್ಯಾನಿಫೋಲ್ಡಿನ ಪ್ರೆಶರಿಗೆ ಸಮ ಮಾಡುವುದು ಸುಲಭದ ದಾರಿ. ಆದರೆ ವೇಗ ಹೆಚ್ಚಿದ್ದಾಗ ಮ್ಯಾನಿಫೋಲ್ಡಿನಲ್ಲೇ ಅಲೆಗಳು ಏಳುತ್ತವೆ. ಆಗ ಟಿಡಿಸಿಗೆ 100ರಿಂದ 65 ಡಿಗ್ರಿ ಮುಂಚಿನ ಭಾಗಕ್ಕೆ ಪಾಲಿಟ್ರೋಪಿಕ್ ಘಾತ (ವಾಲ್ಯೂಮ್ ಕುಗ್ಗಿದಂತೆ ಪ್ರೆಶರ್ ಎಷ್ಟು ಏರುತ್ತದೆಂದು ಹೇಳುವ ಸಂಖ್ಯೆ) ಹೊಂದಿಸುತ್ತೇನೆ: ಡೀಸೆಲ್‌ಗೆ 1.37, ಪೆಟ್ರೋಲ್‌ಗೆ 1.32ರ ಆಸುಪಾಸು. ಮಟ್ಟ ತಪ್ಪಿದ್ದರೆ ಲಾಗ್ ಗ್ರಾಫಿನ ಕಂಪ್ರೆಶನ್ ಗೆರೆ ನೇರ ಬರುವುದಿಲ್ಲ, ಕಡಿಮೆ ಪ್ರೆಶರ್ ಇರುವ ಬುಡದಲ್ಲಿ ಬಾಗುತ್ತದೆ.

ಪ್ರೆಶರ್ ನಿಲ್ಲದೆ ಮೇಲಕ್ಕೋ ಕೆಳಕ್ಕೋ ಜಾರುತ್ತಿದ್ದರೆ ಸೆನ್ಸರನ್ನು ಬೈಯುವ ಮೊದಲು ಕನೆಕ್ಟರ್ ನೋಡಿ. ಚಾರ್ಜ್ ಕೇಬಲ್‌ನ ಇನ್ಸುಲೇಶನ್ ಹತ್ತಿರಹತ್ತಿರ 10 ಟೆರಾಓಮ್ ಇರಬೇಕು. ಬೆರಳಿನ ಜಿಡ್ಡು ತಾಗಿದರೆ ಸಾಕು, ಸೋರಿಕೆ ಶುರು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಕೇಬಲ್ ಕಳಚಿದ ಕೂಡಲೇ ಮುಚ್ಚಳ ಹಾಕಿಡಬೇಕು. ಗ್ಲೋ ಪ್ಲಗ್ ಅಡಾಪ್ಟರಿನಲ್ಲಿ ಕೂರಿಸಿದ ಸೆನ್ಸರಿಗೆ ಬೇರೊಂದು ಕಾಟ: ಸಂದಿಯಲ್ಲಿ ಮಸಿ ಕಟ್ಟುತ್ತದೆ, ಪ್ರೆಶರ್ ತಡವಾಗಿ ಮುಟ್ಟುತ್ತದೆ. ಕಪ್ಪು ಹೊಗೆಯ ಪಾಯಿಂಟುಗಳಲ್ಲಿ, ಅಂದರೆ ಅಂಥ ವೇಗ-ಲೋಡ್‌ಗಳಲ್ಲಿ, ಹೆಚ್ಚು ಹೊತ್ತು ಓಡಿಸಿದ್ದರೆ ಅಡಾಪ್ಟರ್ ಬಿಚ್ಚಿ ನೋಡಲೇಬೇಕು. ಥರ್ಮಲ್ ಶಾಕ್ ಪತ್ತೆಗೆ ಎಕ್ಸಾಸ್ಟ್ ಸ್ಟ್ರೋಕ್ ನೋಡಿದರಾಯಿತು. ಅಲ್ಲಿ ಸಿಲಿಂಡರ್ ಪ್ರೆಶರ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಗಿಂತ ಕೆಳಗೆ ಹೋಗುತ್ತಿದ್ದರೆ ಜ್ವಾಲೆಯ ಬಿಸಿಗೆ ಡಯಾಫ್ರಮ್ ಡೊಂಕಾಗುತ್ತಿದೆ ಎಂದರ್ಥ.

ಇಷ್ಟಾದ ಮೇಲೆ ಹೀಟ್ ರಿಲೀಸ್, ಅಂದರೆ ಯಾವ ಡಿಗ್ರಿಯಲ್ಲಿ ಎಷ್ಟು ಶಾಖ ಬಿಡುಗಡೆಯಾಯಿತು ಎಂದು ಪ್ರೆಶರಿನಿಂದ ತೆಗೆಯುವ ಲೆಕ್ಕ. ಡೀಸೆಲ್‌ನಲ್ಲಿ 100 ಸೈಕಲ್ಲುಗಳ ಸರಾಸರಿ ಪ್ರೆಶರ್ ತೆಗೆದು ಲೆಕ್ಕ ಹಾಕಿದರೆ ನಡೆಯುತ್ತದೆ. ಪೆಟ್ರೋಲ್‌ನಲ್ಲಿ ನಡೆಯುವುದಿಲ್ಲ: ಪ್ರತಿ ಸೈಕಲ್ಲೂ ಬೇರೆ ಜಾಗದಲ್ಲಿ ಉರಿಯುವುದರಿಂದ ಸರಾಸರಿ ಪ್ರೆಶರ್ ಯಾವ ಸೈಕಲ್ಲಿನದೂ ಆಗಿರುವುದಿಲ್ಲ. ಅಲ್ಲಿ 300 ಸೈಕಲ್ಲುಗಳಿಗೆ ಒಂದೊಂದಾಗಿ ಲೆಕ್ಕ ಮಾಡಿ ಆಮೇಲೆ ಸರಾಸರಿ. ಐಎಂಇಪಿಯ ಏರಿಳಿತ 3 ಶೇಕಡ ದಾಟಿದರೆ ಆ ಪಾಯಿಂಟಿನಲ್ಲಿ ಮಸಿ ಅಳೆದು ಪ್ರಯೋಜನವಿಲ್ಲ. ಪ್ರೆಶರ್ ಸಿಗ್ನಲ್ಲಿನ ಫಿಲ್ಟರಿಂಗ್ ಹೆಚ್ಚು ಮಾಡಿದರೆ ಡೀಸೆಲ್‌ನ ಪ್ರೀಮಿಕ್ಸ್ಡ್ ಭಾಗದ (ಮೊದಲೇ ಗಾಳಿಯೊಂದಿಗೆ ಬೆರೆತ ಇಂಧನ ಒಮ್ಮೆಲೇ ಉರಿಯುವ ಹಂತದ) ಚೂಪಾದ ಏರು ಚಪ್ಪಟೆಯಾಗಿ, ಇಗ್ನಿಷನ್ ಡಿಲೇ ಇರುವುದಕ್ಕಿಂತ ಗಿಡ್ಡ ಕಾಣಿಸುತ್ತದೆ.

ಡಿಲೇ ವಿಚಾರದಲ್ಲಿ ಒಂದು ಮಾತು. ಇಂಜೆಕ್ಟರಿಗೆ ಕರೆಂಟ್ ಹೋದ ಕ್ಷಣವೂ ಇಂಧನ ಹೊರಬಿದ್ದ ಕ್ಷಣವೂ ಒಂದೇ ಅಲ್ಲ. ಸೊಲೆನಾಯ್ಡ್ ಇಂಜೆಕ್ಟರಿನಲ್ಲಿ ನಡುವೆ 0.3 ಮಿಲಿಸೆಕೆಂಡ್ ಇದ್ದರೆ, 1500 ಆರ್‌ಪಿಎಂನಲ್ಲಿ ಅದೇ 2.7 ಡಿಗ್ರಿ. ರೈಲ್ ಪ್ರೆಶರ್ (ಇಂಜೆಕ್ಟರಿಗೆ ಬರುವ ಇಂಧನದ ಪ್ರೆಶರ್) ಬದಲಾದರೆ ಅದೂ ಬದಲಾಗುತ್ತದೆ. ಇಂಜೆಕ್ಷನ್ ರೇಟ್ ರಿಗ್ಗಿನಲ್ಲಿ ಅಳೆದಿಟ್ಟ ಕೋಷ್ಟಕ ಇಲ್ಲದೆ, 'ರೈಲ್ ಪ್ರೆಶರ್ ಏರಿಸಿದೆ, ಮಸಿ ಇಳಿಯಿತು' ಎಂದರೆ ಇಳಿದದ್ದು ಪ್ರೆಶರಿನಿಂದಲೋ ಸರಿದ ಟೈಮಿಂಗಿನಿಂದಲೋ ಹೇಳಲಾಗದು. ನಾನು ರೈಲ್ ಪ್ರೆಶರ್ ಬದಲಿಸಿದಾಗಲೆಲ್ಲ ಸಿಎ50ಯನ್ನು, ಅಂದರೆ ಅರ್ಧ ಶಾಖ ಬಿಡುಗಡೆಯಾಗುವ ಜಾಗವನ್ನು, ಅದೇ ಡಿಗ್ರಿಗೆ ತಂದು ನಿಲ್ಲಿಸಿ ಆಮೇಲೆ ಹೋಲಿಸುತ್ತೇನೆ.

ಈಗ ಕಾಗದ. ಫಿಲ್ಟರ್ ಸ್ಮೋಕ್ ನಂಬರ್, ಅಂದರೆ ಎಫ್‌ಎಸ್‌ಎನ್, ಬಿಳಿ ಕಾಗದ ಎಷ್ಟು ಕಪ್ಪಾಯಿತು ಎಂಬುದರ 0ಯಿಂದ 10ರವರೆಗಿನ ಅಳತೆ. ಅದು ಮಸಿಗೆ ನೇರ ಅನುಪಾತದಲ್ಲಿಲ್ಲ. ರೂಢಿಯಲ್ಲಿರುವ ಸೂತ್ರ ಹೀಗೆ: ಎಫ್‌ಎಸ್‌ಎನ್ ಅನ್ನು 0.3062ರಿಂದ ಗುಣಿಸಿ ಎಕ್ಸ್‌ಪೊನೆನ್ಶಿಯಲ್ ತೆಗೆಯಿರಿ. ಬಂದದ್ದನ್ನು ಎಫ್‌ಎಸ್‌ಎನ್‌ನಿಂದಲೂ 5.32ರಿಂದಲೂ ಗುಣಿಸಿ, 0.405ರಿಂದ ಭಾಗಿಸಿ. ಉತ್ತರ ಘನ ಮೀಟರಿಗೆ ಮಿಲಿಗ್ರಾಂನಲ್ಲಿ. ಎಫ್‌ಎಸ್‌ಎನ್ 1 ಇದ್ದರೆ 17.8, 2 ಇದ್ದರೆ 48.5. ಅಂದರೆ ನಂಬರ್ ದುಪ್ಪಟ್ಟಾದಾಗ ಮಸಿ 2.7 ಪಟ್ಟು. ಹೊಗೆ ಅರ್ಧಕ್ಕಿಳಿಯಿತು ಎಂದು ಎಫ್‌ಎಸ್‌ಎನ್ ನೋಡಿ ಬರೆದ ವರದಿಗಳನ್ನು ಓದುವಾಗ ಇದು ನೆನಪಿರಲಿ. ಗ್ರಾಂ/ಕಿಲೋವ್ಯಾಟ್ ಅವರ್‌ಗೆ ಬರಲು ಎಕ್ಸಾಸ್ಟ್ ಹರಿವು ಬೇಕು: ಗಾಳಿ, ಇಂಧನ ಕೂಡಿ ಗಂಟೆಗೆ 60 ಕೆ.ಜಿ. ಹೋಗುತ್ತಿದೆ ಎನ್ನಿ. 25 ಡಿಗ್ರಿ ಸೆಲ್ಸಿಯಸ್, 1 ಬಾರ್ ಲೆಕ್ಕದಲ್ಲಿ ಅದು ಸುಮಾರು 51 ಘನ ಮೀಟರ್. ಎಫ್‌ಎಸ್‌ಎನ್ 1ಕ್ಕೆ ಗಂಟೆಗೆ 0.91 ಗ್ರಾಂ, ಎಂಜಿನ್ 10 ಕಿಲೋವ್ಯಾಟ್ ಕೊಡುತ್ತಿದ್ದರೆ 0.09 ಗ್ರಾಂ/ಕಿಲೋವ್ಯಾಟ್ ಅವರ್. ಘನ ಮೀಟರ್ ಯಾವ ತಾಪಮಾನದ್ದು ಎಂದು ಬರೆಯದ ಅಂಕಿಯನ್ನು ನಾನು ಮುಟ್ಟುವುದಿಲ್ಲ.

ಸ್ಯಾಂಪಲ್ ತರುವ ದಾರಿಯಲ್ಲೇ ಮಸಿ ಕಳೆದುಹೋಗುತ್ತದೆ. ಬಿಸಿ ಗಾಳಿ ತಣ್ಣನೆ ಕೊಳವೆಯಲ್ಲಿ ಹರಿದಾಗ ಕಣಗಳು ಗೋಡೆಯ ಕಡೆ ತಳ್ಳಲ್ಪಟ್ಟು ಅಲ್ಲೇ ಅಂಟಿಕೊಳ್ಳುತ್ತವೆ. ಉಳಿಯುವ ಪಾಲಿಗೆ ಒಂದು ಅಂದಾಜು: ತಣ್ಣನೆ ಮತ್ತು ಬಿಸಿ ಕೆಲ್ವಿನ್ ತಾಪಮಾನಗಳ ಅನುಪಾತದ 0.38ನೇ ಘಾತ. 350 ಡಿಗ್ರಿಯ ಗಾಳಿ 70 ಡಿಗ್ರಿಗೆ ಇಳಿದರೆ 20 ಶೇಕಡ ಮಸಿ ಕೊಳವೆಗೇ ಅರ್ಪಣೆ. ಆದ್ದರಿಂದ ಲೈನ್ ಗಿಡ್ಡವಿರಲಿ, ಬಿಸಿಯಿರಲಿ, ಎರಡು ಪರೀಕ್ಷೆಗಳ ನಡುವೆ ಅದರ ಉದ್ದ ಬದಲಾಗದಿರಲಿ. ನೀರು ಕಟ್ಟಿದರಂತೂ ಕಾಗದದ ಮೇಲೆ ಕಲೆ ಹರಡಿ ಓದು ಪೂರ್ತಿ ಸುಳ್ಳಾಗುತ್ತದೆ.

ಹಾಗೆ ಅಂಟಿದ ಮಸಿ ಸುಮ್ಮನೆ ಕೂರುವುದೂ ಇಲ್ಲ. ಹರಿವು ಹೆಚ್ಚಿದಾಗ ಚಕ್ಕೆಚಕ್ಕೆಯಾಗಿ ಎದ್ದು ಬಂದು ಮುಂದಿನ ಪಾಯಿಂಟನ್ನು ಕೊಳೆ ಮಾಡುತ್ತದೆ. ಅದಕ್ಕೇ ನನ್ನ ಕ್ರಮ ಯಾವಾಗಲೂ ಕಡಿಮೆ ಹೊಗೆಯಿಂದ ಹೆಚ್ಚು ಹೊಗೆಯ ಕಡೆಗೆ. ಪ್ರತಿ ಪಾಯಿಂಟಿನಲ್ಲಿ ಎಕ್ಸಾಸ್ಟ್ ತಾಪಮಾನ ನಿಲ್ಲುವವರೆಗೆ ಕಾದು, ಮೂರು ಕಾಗದ ತೆಗೆಯುತ್ತೇನೆ. ಮೂರೂ ಒಂದೇ ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಹೋದರೆ ಎಂಜಿನ್ ಇನ್ನೂ ನೆಲೆಗೆ ಬಂದಿಲ್ಲ. ಆ ಮೂರರ ಸರಾಸರಿಗೆ ಅರ್ಥವಿಲ್ಲ.

ಹೊಗೆ ಏಕೆ ಬದಲಾಯಿತು ಎನ್ನುವುದಕ್ಕೆ ಹೀಟ್ ರಿಲೀಸಿನ ಬಾಲ ನೋಡಬೇಕು. ಇಂಜೆಕ್ಷನ್ ಮುಗಿದ ಮೇಲೆ ಸಿಎ50ಯಿಂದ ಸಿಎ90ರವರೆಗಿನ (90 ಶೇಕಡ ಶಾಖ ಬಿಡುಗಡೆಯಾಗುವವರೆಗಿನ) ಭಾಗ ಎಳೆದಾಡಿದರೆ, ಮಸಿ ಸುಡುವ ಹೊತ್ತಿಗೆ ಸಿಲಿಂಡರ್ ತಣ್ಣಗಾಗಿರುತ್ತದೆ. ಇಜಿಆರ್ (ಎಕ್ಸಾಸ್ಟ್ ಅನಿಲವನ್ನು ಮತ್ತೆ ಸಿಲಿಂಡರಿಗೆ ಬಿಡುವುದು) ಹೆಚ್ಚಿಸಿದಾಗ ತಾಪಮಾನ ಇಳಿದು ಮಸಿ ಹುಟ್ಟುವುದೂ ಕಡಿಮೆಯಾಗಬಹುದು, ಆದರೆ ಸುಡುವುದು ಅದಕ್ಕಿಂತ ಹೆಚ್ಚು ಕುಂಟುವುದರಿಂದ ಹೊಗೆ ಏರುತ್ತದೆ. ರೈಲ್ ಪ್ರೆಶರ್ ಏರಿಸಿದಾಗ ಜ್ವಾಲೆ ನಾಝಲ್‌ನಿಂದ ದೂರ ಸರಿದು, ಅಲ್ಲಿಯವರೆಗೆ ಹೆಚ್ಚು ಗಾಳಿ ಬೆರೆಯುತ್ತದೆ. ಅಲ್ಲಿ ಇಳಿಯುವುದು ಮಸಿಯ ಹುಟ್ಟು. ಎರಡೂ ಕಡೆ ಕಾಗದ ಹೇಳುವುದು ಬರೀ ಒಂದು ಅಂಕಿ, ಅದರ ಹಿಂದಿನ ಕಾರಣ ಮಾತ್ರ ಬೇರೆಬೇರೆ. ಒಳಗಿನದನ್ನು ನೇರ ನೋಡಲು ಕಿಟಕಿ ಇರುವ ಎಂಜಿನ್ನೇ ಬೇಕು. ಮಸಿಯ ಹೊಳಪಿನಿಂದ ತಾಪಮಾನ ಹೇಳುವ ಎರಡು ಬಣ್ಣದ ಪೈರೋಮೀಟರಿಗೆ ನಾನು 550 ಮತ್ತು 700 ನ್ಯಾನೋಮೀಟರ್ ಫಿಲ್ಟರ್ ಬಳಸುತ್ತೇನೆ, ಟಂಗ್‌ಸ್ಟನ್ ದೀಪದಲ್ಲಿ ಹೊಂದಿಸಿ. ಲೇಸರಿನಿಂದ ಮಸಿ ಕಾಯಿಸಿ ನೋಡುವುದಾದರೆ 1064 ನ್ಯಾನೋಮೀಟರ್. 532 ಬಳಸಿದರೆ ಮಸಿಯ ಜೊತೆ ಪಿಎಎಚ್ (ಮಸಿಗೆ ಮೂಲವಾಗುವ ಹೈಡ್ರೋಕಾರ್ಬನ್) ಅಣುಗಳೂ ಹೊಳೆದು ಗೊಂದಲ. ಎರಡರಲ್ಲೂ ಕಿಟಕಿಗೆ ಮಸಿ ಹಿಡಿಯುವುದೇ ದೊಡ್ಡ ಶತ್ರು. ಹತ್ತು ಸೈಕಲ್ಲಿಗೆ ಒಂದರಲ್ಲಿ ಮಾತ್ರ ಇಂಧನ ಬಿಡುವುದು ಅದಕ್ಕೇ.

ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ ಬಂದಾಗ ಕಥೆ ತಲೆಕೆಳಗು. ಅಲ್ಲಿ ಕಾಗದ ಬಿಳಿಯಾಗೇ ಉಳಿಯಬಹುದು, ಕಣಗಳ ಸಂಖ್ಯೆ ಮಾತ್ರ ವಿಪರೀತ. ಸ್ಯಾಂಪಲನ್ನು ಬಿಸಿಯಾಗೇ ತೆಳು ಮಾಡಿ, 300ರಿಂದ 400 ಡಿಗ್ರಿಯ ಕೊಳವೆಯಲ್ಲಿ ಆವಿಯಾಗುವುದನ್ನೆಲ್ಲ ಓಡಿಸಿ, 23 ನ್ಯಾನೋಮೀಟರಿಗಿಂತ ದೊಡ್ಡದನ್ನು ಎಣಿಸಬೇಕು. ಆ ಬಿಸಿ ಕೊಳವೆ ಬಿಟ್ಟರೆ ತಣ್ಣಗಾದ ಇಂಧನದ ಹನಿಗಳೂ ಕಣಗಳಂತೆ ಎಣಿಕೆಗೆ ಬರುತ್ತವೆ. ಪ್ರೆಶರ್ ಇಲ್ಲಿ ಕೈಕೊಡುತ್ತದೆ: ಪಿಸ್ಟನ್ ಮೇಲೆ ನಿಂತ ಇಂಧನದ ಪದರ ಕಿತ್ತಳೆ ಜ್ವಾಲೆಯಾಗಿ ಉರಿದರೂ ಅದರ ಶಾಖ ಲೆಕ್ಕಕ್ಕೇ ಬಾರದಷ್ಟು. ಸಿಎ50 ಅಲ್ಲೇ, ಐಎಂಇಪಿ ಅಷ್ಟೇ, ಕಣಗಳು ಮಾತ್ರ ಹತ್ತು ಪಟ್ಟಾಗಬಲ್ಲವು. ಹಾಗಾಗಿ ಇಂಜೆಕ್ಷನ್ ಶುರುವನ್ನು ಟಿಡಿಸಿಗೆ 340 ಡಿಗ್ರಿ ಮುಂಚಿನಿಂದ 220ರವರೆಗೆ ಹತ್ತತ್ತು ಡಿಗ್ರಿ ಸರಿಸುತ್ತಾ ಹೋಗುತ್ತೇನೆ. ಬಲು ಬೇಗ ಬಿಟ್ಟರೆ ಪಿಸ್ಟನ್ ಒದ್ದೆ, ಬಲು ತಡವಾದರೆ ಬೆರೆಯಲು ಹೊತ್ತಿಲ್ಲ. ನಡುವೆ ಒಂದು ತಗ್ಗು ಸಿಗುತ್ತದೆ. ಕೂಲಂಟ್ 40ರಿಂದ 90 ಡಿಗ್ರಿಗೆ ಏರಿದಾಗ ಸಂಖ್ಯೆ ಧಡಕ್ಕನೆ ಬಿದ್ದರೆ ತಪ್ಪು ಒದ್ದೆ ಗೋಡೆಯದು. ಬಿಸಿ ಎಂಜಿನ್ನಿನಲ್ಲಿ, ಏನನ್ನೂ ಮುಟ್ಟದೆ, ಅರ್ಧ ಗಂಟೆಯಲ್ಲಿ ಸಂಖ್ಯೆ ಮೆಲ್ಲಮೆಲ್ಲನೆ ಏರುತ್ತಿದ್ದರೆ ಇಂಜೆಕ್ಟರ್ ತುದಿಯಲ್ಲಿ ಕಿಟ್ಟ ಕಟ್ಟಿ ಇಂಧನ ಹೀರಿಕೊಳ್ಳುತ್ತಿದೆ. ಆಗ ಟೈಮಿಂಗ್ ಸರಿಸಿ ಉಪಯೋಗವಿಲ್ಲ, ಇಂಜೆಕ್ಟರ್ ಬಿಚ್ಚಬೇಕು.

ದಿನದ ಕೊನೆಗೆ ಬೆಳಗಿನ ಮೊದಲ ಪಾಯಿಂಟಿಗೆ ಮರಳಿ ಅದೇ ಅಳತೆ ಮತ್ತೆ ತೆಗೆಯುತ್ತೇನೆ. ಡೀಸೆಲ್‌ನಲ್ಲಿ ಸಿಎ50 ಅರ್ಧ ಡಿಗ್ರಿಯೊಳಗೆ, ಎಫ್‌ಎಸ್‌ಎನ್ 0.05ರೊಳಗೆ ಬರಬೇಕು. ಸಿಎ50 ಬಂದು ಎಫ್‌ಎಸ್‌ಎನ್ ಬರದಿದ್ದರೆ ಸ್ಯಾಂಪಲ್ ಲೈನ್ ಬಿಚ್ಚಿ ನೋಡುತ್ತೇನೆ. ಸಿಎ50ಯೇ ಬರದಿದ್ದರೆ ಆ ದಿನದ ಕಾಗದಗಳನ್ನೆಲ್ಲ ಬದಿಗಿಟ್ಟು ಮರುದಿನ ಮೋಟರಿಂಗ್ ಗ್ರಾಫಿನಿಂದ ಶುರು.