ಉತ್ತರಕುಮಾರನ ಭಯವನ್ನು ಓದುವ ಬಗೆ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಎಲ್ಲರೂ ನಗುತ್ತೇವೆ. ನಗು ಬದಿಗಿಟ್ಟು ಓದಿದರೆ ಮಹಾಭಾರತದ ವಿರಾಟಪರ್ವದ ಉತ್ತರ ಗೋಗ್ರಹಣ, ಎಂದರೆ ಕೌರವರು ಹಿಡಿದೊಯ್ದ ದನಗಳನ್ನು ಬಿಡಿಸಲು ವಿರಾಟರಾಜನ ಮಗ ಉತ್ತರ ಹೊರಡುವ ಪ್ರಸಂಗ, ನಮ್ಮೊಳಗಿನ ಭಯದ ನಡೆಯನ್ನೇ ಎಳೆಎಳೆಯಾಗಿ ಬಿಡಿಸಿ ತೋರಿಸುತ್ತದೆ.

ವ್ಯಾಸಭಾರತದ ಪೂರ್ಣ ಅನುವಾದವೇ ಬೇಕು. ಸಂಗ್ರಹಗಳಲ್ಲಿ ನಮಗೆ ಬೇಕಾದ ಸಣ್ಣ ವಿವರಗಳೇ ಬಿಟ್ಟುಹೋಗಿರುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಿ ನೋಡಿ. ವಿರಾಟಪರ್ವವೊಂದೇ ಸಿಕ್ಕರೂ ಸಾಕು. ದಿನಕ್ಕೆ 20 ನಿಮಿಷ, ನಾಲ್ಕು ದಿನ, ಜೊತೆಗೊಂದು ನೋಟ್‌ಬುಕ್. ಎದೆ ಹಿಡಿದಂತಾಗಿ ಉಸಿರು ಕಟ್ಟುವುದು, ವಾರಗಟ್ಟಲೆ ನಿದ್ದೆ ಬಾರದಿರುವುದು ಇದ್ದರೆ ಮೊದಲು ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಬಹುದು. ಓದು ಆಮೇಲೆ.

ಮೊದಲ ದಿನ ಗಟ್ಟಿಯಾಗಿ ಓದಿ, ಅರ್ಥ ಹಚ್ಚಬೇಡಿ. ಪುಟದ ಮೇಲೆ ಒಂದೇ ಒಂದು ಭಯವನ್ನು ಬರೆದುಕೊಳ್ಳಿ: ‘ಸೋಮವಾರ 10 ಗಂಟೆಯ ಮೀಟಿಂಗಿನಲ್ಲಿ ಬಾಯಿ ಬಿಡಲು ಭಯ’. ‘ಬದುಕಿನ ಭಯ’ ಎಂದು ಬರೆದರೆ ಓದು ಎಲ್ಲಿಯೂ ನಾಟುವುದಿಲ್ಲ.

ಎರಡನೆಯ ದಿನ ಉತ್ತರನ ಓಟ. ಅಂತಃಪುರದಲ್ಲಿ ಕೊಚ್ಚಿಕೊಂಡವನು ಕೌರವ ಸೇನೆ ಕಂಡೊಡನೆ ಭಯದಿಂದ ಮೈ ನವಿರೆದ್ದು ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆಯ ವೇಷದಲ್ಲಿ ಸಾರಥಿಯಾಗಿ ಬಂದಿದ್ದ ಅರ್ಜುನ ನೂರು ಹೆಜ್ಜೆಯಲ್ಲಿ ಹಿಡಿಯುತ್ತಾನೆ. ಆಗ ಉತ್ತರ ಚಿನ್ನ, ವೈಡೂರ್ಯ, ಆನೆ ಕೊಡುತ್ತೇನೆ, ಬಿಟ್ಟುಬಿಡು ಎಂದು ಗೋಗರೆಯುತ್ತಾನೆ. ಒಂದೊಂದರ ಪಕ್ಕದಲ್ಲೂ ನಿಮ್ಮದನ್ನು ಬರೆಯಿರಿ: ಭಾನುವಾರ ರಾತ್ರಿ ಮನೆಯಲ್ಲಿ ಏನು ಹೇಳಿದಿರಿ, ಬೆಳಗ್ಗೆ ಸಿಲ್ಕ್ ಬೋರ್ಡ್ ದಾಟುವಾಗ ಮೈಯಲ್ಲಿ ಎಲ್ಲಿ ಬಿಗಿಯಿತು, ಭಯಕ್ಕೆ ಯಾವ ಲಂಚ ಕೊಟ್ಟಿರಿ. ‘ಇವತ್ತು ಬೇಡ, ಮುಂದಿನ ವಾರ ಖಂಡಿತ’ ಎನ್ನುವುದು ಲಂಚವೇ. ಹೆಚ್ಚಿನವರು ಈ ಸಾಲನ್ನು ದಾಟಿಬಿಡುತ್ತಾರೆ, ಇಲ್ಲಿ ನಿಲ್ಲಿ.

ಮೂರನೆಯ ದಿನ ಬನ್ನಿಮರ, ಇಡೀ ಪ್ರಸಂಗದ ತಿರುಳು. ಅಜ್ಞಾತವಾಸಕ್ಕೆ ಹೊರಟಾಗ, ಯಾರೂ ಹತ್ತಿರ ಸುಳಿಯದಿರಲೆಂದು ಪಾಂಡವರು ಸ್ಮಶಾನದ ಬಳಿಯ ಮರದಲ್ಲಿ ಆಯುಧಗಳ ಜೊತೆ ಹೆಣ ಕಟ್ಟಿದ್ದರು. ಮರ ಹತ್ತಿ ಆಯುಧ ಇಳಿಸು ಎಂದು ಅರ್ಜುನ ಹೇಳಿದಾಗ, ಹೆಣ ಮುಟ್ಟುವುದೆಂತು ಎಂದು ಉತ್ತರ ಹಿಂಜರಿಯುತ್ತಾನೆ. ಬಲ ಇರುವುದು ಮುಟ್ಟಲು ಅಸಹ್ಯಪಡುವ ಗಂಟಿನಲ್ಲೇ. ನಿಮ್ಮ ಗಂಟು ಯಾವುದು? ತಪ್ಪುಗಳಿದ್ದ ಹಳೆಯ ವರದಿಯೋ, ತೆರೆಯದೆ ಬಿಟ್ಟ ಇಮೇಲೋ, ಅದರ ಹೆಸರು ಬರೆಯಿರಿ. ಗಂಟು ಬಿಚ್ಚಿದಾಗಲೂ ಬಿಲ್ಲುಗಳು ಅವನಿಗೆ ಹಾವಿನಂತೆ ಕಾಣುತ್ತವೆ. ಯಾರವೆಂದು ಕೇಳಿ, ಅರ್ಜುನನ ಹತ್ತು ಹೆಸರು ತಿಳಿದ ಮೇಲೆಯೇ ಅಂಜಿಕೆ ಇಳಿಯುವುದು. ವಿಜಯದಶಮಿಗೆ ನಾವು ಒಬ್ಬರಿಗೊಬ್ಬರು ಕೊಡುವ ಬನ್ನಿ ಎಲೆ ಈ ಮರದ್ದೇ.

ನಾಲ್ಕನೆಯ ದಿನ ಲಗಾಮು. ಯುದ್ಧ ಮಾಡು ಎಂದು ಅರ್ಜುನ ಬಲವಂತ ಮಾಡುವುದಿಲ್ಲ, ಕುದುರೆ ನಡೆಸು ಎನ್ನುತ್ತಾನೆ. ನಿಮಗೂ ಅಷ್ಟೇ ಅಳತೆಯ ಒಂದು ಕೆಲಸ ಗೊತ್ತುಮಾಡಿಕೊಳ್ಳಿ: ಮೀಟಿಂಗಿನಲ್ಲಿ ಬರೆದುಕೊಂಡ ಎರಡು ಸಾಲು ಓದುವುದು, ಅಷ್ಟೇ.

ಓದು ಕೆಡುವುದು ಎರಡು ಕಡೆ. ಮ್ಯಾನೇಜರನ್ನು ದುರ್ಯೋಧನ ಮಾಡಿದರೆ ಅದು ಬರೀ ದೂರು; ಪಾತ್ರಗಳೆಲ್ಲ ನಿಮ್ಮೊಳಗೇ ಇರಲಿ. ಇನ್ನೊಂದು, ನೇರ ಅರ್ಜುನನ ಜಾಗದಲ್ಲಿ ಕೂರುವುದು. ಉತ್ತರನಾಗಿಯೇ ಓದಿ.

ಸೋಮವಾರ ಮತ್ತೆ ಕೈ ನಡುಗಿದರೆ ಶಂಖದ ಭಾಗ ತೆಗೆಯಿರಿ. ಲಗಾಮು ಹಿಡಿದ ಮೇಲೂ, ಅರ್ಜುನ ಶಂಖ ಊದಿದಾಗ ಉತ್ತರ ಬೆದರಿ ಕುಸಿದು ಕೂರುತ್ತಾನೆ. ಅರ್ಜುನ ಕುದುರೆಗಳನ್ನು ನಿಲ್ಲಿಸಿ, ಅವನನ್ನು ಸಂತೈಸಿ, ಆಮೇಲೆ ಮತ್ತೆ ಊದುತ್ತಾನೆ.